ನಾನಾನ ಪೇಟಿ

ಔರಾದಿನ ನಾನಾ ತೀರಿದ ಮೇಲೆ ಅವರ ಹಾರ್ಮೋನಿಯಂ ಪೇಟಿ ಬೀದರಿನ ನಮ್ಮ ಮನೆಗೆ ಬಂತು. ಅಷ್ಟೂರಿನಲ್ಲಿ ಅಹ್ಮದ್ ಶಾಹ್ ವಲಿಯವರ ಉರುಸಿಗೆ ಹೋಗಿ ಕವ್ವಾಲರ ಜೊತೆ ನುಡಿಸುತ್ತಿದ್ದವರು ಅವರು. "ನಾನೂ ಕಲಿಯುತ್ತೇನೆ" ಅಂದಾಗ ಅಮ್ಮಿ ಮುಖ ತಿರುಗಿಸಿದರು. ಮನೆಯಲ್ಲಿ ಬಾಜಾ ಬೇಡವೆನ್ನುವವರು ಅವರು.

ಝುಹರ್ ನಮಾಝ್ ಮುಗಿಸಿ, ಬಾಗಿಲು ಮುಚ್ಚಿ ಕೂತೆ. ಎಡಗೈ ತಿದಿ ಒತ್ತಿದರೆ ಬಲಗೈ ಬೆರಳು ತಪ್ಪುತ್ತಿತ್ತು. ಬೆರಳು ನೋಡಿದರೆ ತಿದಿ ನಿಂತು ಸ್ವರ ಸಾಯುತ್ತಿತ್ತು. "ಗಾಳಿ ತೀರುವ ಮೊದಲೇ ಮೆಲ್ಲಗೆ ಒತ್ತು" ಎಂದು ಭಾಲ್ಕಿಯ ಮಾಮು ಫೋನಿನಲ್ಲಿ ಹೇಳಿಕೊಟ್ಟರು. ಸ್ವರದಿಂದ ಸ್ವರಕ್ಕೆ ಜಾರಲು ಬಾರದೆಂದು ಆಕಾಶವಾಣಿ ಈ ವಾದ್ಯವನ್ನು 1940ರಿಂದ 1971ರವರೆಗೆ ಹೊರಗಿಟ್ಟಿತ್ತು. ನನಗೋ ಒಂದೇ ಸ್ವರ ನೆಟ್ಟಗೆ ಹೊರಟರೆ ಸಾಕಿತ್ತು!

ಮೂರನೇ ವಾರ 'ಸ'ದಿಂದ 'ಪ'ದವರೆಗೆ ಮುರಿಯದೆ ಬಂತು. ಅಡುಗೆಮನೆಯಿಂದ ಅಮ್ಮಿಯ ದನಿ: "ಅಬ್ಬಾ ಇಷ್ಟು ಅವಸರ ಮಾಡುತ್ತಿರಲಿಲ್ಲ."