ನಿಟ್ಟು

ಗಂಗಾವತಿಯ ಒಂದು ಅಕ್ಕಿ ಗಿರಣಿಯಲ್ಲಿ ನಾನು ಸೂಪರ್‌ವೈಸರ್ ಆಗಿದ್ದೆ. ಸುಗ್ಗಿ ಬಂತೆಂದರೆ ಗೇಟಿನ ಹೊರಗೆ ಭತ್ತದ ಲಾರಿಗಳ ಸಾಲು. ಚೀಲವೊಂದಕ್ಕೆ 75 ಕಿಲೊ. ಇಳಿಸಲು 12 ಹಮಾಲರ ಗುಂಪು; ಹೆಚ್ಚಿನವರು ಕುಷ್ಟಗಿ, ಯಲಬುರ್ಗಾ ಕಡೆಯವರು. ತುಂಗಭದ್ರಾ ಎಡದಂಡೆ ಕಾಲುವೆಯಿಂದ ಗಂಗಾವತಿ ಭತ್ತದ ನಾಡಾಯಿತು. ಈ ಹಮಾಲರ ಹೊಲಗಳು ಬಹುಪಾಲು ಮಳೆಯನ್ನೇ ನಂಬಿದವು. 1997ರಲ್ಲಿ ರಾಯಚೂರಿನಿಂದ ಬೇರೆಯಾದ ಒಂದೇ ಕೊಪ್ಪಳ ಜಿಲ್ಲೆಯೊಳಗೆ ಹೀಗೆ ಎರಡು ನೆಲ.

ಗುಂಪಿನಲ್ಲಿ ಅರವತ್ತು ದಾಟಿದ ಒಬ್ಬರಿದ್ದರು. ಎಲ್ಲರೂ ಕಾಕಾ ಅನ್ನುತ್ತಿದ್ದರು. ಅವರು ಚೀಲ ಹೊರುತ್ತಿದ್ದದ್ದು ಕಡಿಮೆ. ಚೀಲ ಪೇರಿಸಿದ ನಿಟ್ಟಿನ ಮೇಲೆ ನಿಂತು, ಬಂದ ಚೀಲವನ್ನು ಒಮ್ಮೆ ಉದ್ದ, ಒಮ್ಮೆ ಅಡ್ಡ ಕೂಡಿಸುತ್ತಿದ್ದರು. ನಡುನಡುವೆ ಕೂಗು. ಸಂಜೆ ಬಂದ ಹಮಾಲಿ 12 ಸಮಪಾಲು.

ನನಗದು ಸರಿಬರಲಿಲ್ಲ. ಆಗ ಒಂದು ಪುಸ್ತಕ ಓದಿದ್ದೆ. ಫ್ರಾನ್ಸಿನ ಮ್ಯಾಕ್ಸ್ ರಿಂಗೆಲ್ಮನ್ ಎಂಬ ಕೃಷಿ ಎಂಜಿನಿಯರ್ 1913ರಲ್ಲಿ ಪ್ರಕಟಿಸಿದ ಪ್ರಯೋಗ: 8 ಜನ ಸೇರಿ ಹಗ್ಗ ಜಗ್ಗಿದಾಗ, ಒಬ್ಬೊಬ್ಬರೇ ಜಗ್ಗುವಾಗ ಹಾಕುವ ಬಲದಲ್ಲಿ ಸುಮಾರು ಅರ್ಧವನ್ನಷ್ಟೇ ಹಾಕಿದರಂತೆ. ಸಿಕ್ಕಿತು ಮದ್ದು ಅಂದುಕೊಂಡೆ. ಗೋಡೆಗೆ ಹಾಳಿ ಅಂಟಿಸಿ, ಪ್ರತಿಯೊಬ್ಬನ ಹೆಸರಿನ ಮುಂದೆ ಚೀಲಕ್ಕೊಂದು ಗೀಟು ಹಾಕಿಸಿದೆ. ಗೀಟಿನಷ್ಟೇ ಕೂಲಿ.

ಮೊದಲ ವಾರ ಲಾರಿಗಳು ಬೇಗ ಖಾಲಿಯಾದವು. ಮಾಲೀಕರು ನನ್ನ ಬೆನ್ನು ತಟ್ಟಿದರು. ಎರಡನೇ ವಾರ ಹತ್ತಿರದ ಚೀಲಕ್ಕೆ ಜಗಳ ಶುರುವಾಯಿತು. ಒಬ್ಬನ ತಲೆಗೆ ಚೀಲ ಎತ್ತಿಕೊಡಲು ಇನ್ನೊಬ್ಬ ನಿಲ್ಲುತ್ತಿರಲಿಲ್ಲ, ಎತ್ತಿಕೊಟ್ಟರೆ ಗೀಟಿಲ್ಲವಲ್ಲ! ಕಾಕಾನಿಗೆ ಚಾ ತಂದುಕೊಡುತ್ತಿದ್ದ ಹುಡುಗನೇ ಒಂದು ದಿನ, “ಮುದುಕಾ ಸರೀ, ದಾರಿ ಬಿಡು” ಅಂದ. ಅದೇ ಹುಡುಗ, ಅದೇ ಬಾಯಿ. ಬದಲಾಗಿದ್ದು ನನ್ನ ಹಾಳಿ ಮಾತ್ರ. ನಿಟ್ಟು ಕೂಡಿಸುವುದಕ್ಕೂ ಗೀಟಿರಲಿಲ್ಲ. ಕಾಕಾ ಕೆಳಗಿಳಿದು ನಡುಗುವ ಕಾಲಲ್ಲಿ ಚೀಲ ಹೊರತೊಡಗಿದರು. ಮೇಲೆ ಯಾರೂ ಉಳಿಯಲಿಲ್ಲ. ತಂದವರು ಒಗೆದು ಓಡುತ್ತಿದ್ದರು.

ಮೂರನೇ ವಾರ ನಿಟ್ಟು ಉರುಳಿತು. ಒಬ್ಬನ ಕಾಲು ಮುರಿಯಿತು.

ಮರುದಿನ ಮಾಲೀಕರ ಕೋಣೆಯಲ್ಲಿ ಆರು ಜನ ಕೂತಿದ್ದೆವು. “ಆ ಮುದುಕ ನೆಟ್ಟಗ ಕೂಡಿಸಿಲ್ಲ” ಎಂದರು ಒಬ್ಬರು. ಇನ್ನೊಬ್ಬರು ಹೌದೆಂದರು. ಸರತಿ ಸುತ್ತಿ ಬಂತು. ಹಾಳಿಗೆ ಗೀಟು ಹಾಕುತ್ತಿದ್ದ ಗುಮಾಸ್ತನಿಗೆ ನಿಜ ಗೊತ್ತಿತ್ತು. ಆತ ನನ್ನ ಮುಖ ನೋಡಿದ. ನಾನು ಮೇಜಿನ ಮೇಲಿದ್ದ ಪೆನ್ನು ನೋಡಿದೆ. ಆತನೂ ತಲೆ ಆಡಿಸಿದ. ಕಾಕಾನನ್ನು ಬಿಡಿಸಿದರು.

ಸಾಲಮನ್ ಆಶ್ ಎಂಬ ಮನಶ್ಶಾಸ್ತ್ರಜ್ಞನ 1951ರ ಪ್ರಯೋಗದ ಬಗ್ಗೆ ಓದಿದ್ದು ಆಮೇಲೆ. ಗೆರೆಗಳ ಉದ್ದ ಕಣ್ಣಿಗೆ ಕಾಣುವಂತಿದ್ದರೂ, ಸುತ್ತಲಿನವರೆಲ್ಲ ತಪ್ಪು ಉತ್ತರ ಹೇಳಿದಾಗ ಒಮ್ಮೆಯಾದರೂ ಅವರ ಜೊತೆ ಸೇರಿದವರು ನಾಲ್ವರಲ್ಲಿ ಮೂವರು. ಆದರೆ ಗುಂಪಿನಲ್ಲಿ ಒಬ್ಬನೇ ಒಬ್ಬ ಸರಿಯಾದ ಉತ್ತರ ಹೇಳಿದರೆ, ಹಾಗೆ ಸೇರುವುದು ತೀರಾ ಇಳಿಯುತ್ತಿತ್ತು. ಗುಮಾಸ್ತ ನನ್ನ ಮುಖದಲ್ಲಿ ಹುಡುಕಿದ್ದು ಆ ಒಬ್ಬನನ್ನೇ. ರಿಂಗೆಲ್ಮನ್‌ನನ್ನೂ ನಾನು ಅರ್ಧವೇ ಓದಿದ್ದೆ. ಬಲ ಸೋರುವುದಕ್ಕೆ ಅವನು ಮುಖ್ಯವಾಗಿ ಕೊಟ್ಟ ಕಾರಣ ಮೈಗಳ್ಳತನವಲ್ಲ; ಎಲ್ಲರೂ ಒಂದೇ ಕ್ಷಣಕ್ಕೆ ಜಗ್ಗುವುದಿಲ್ಲ ಎಂಬುದು. ಆ ಕ್ಷಣ ಕೂಡಿಸಲೆಂದೇ ಕಾಕಾ ಮೇಲೆ ನಿಂತು ಕೂಗುತ್ತಿದ್ದದ್ದು.

ಎರಡು ವರ್ಷದ ಬಳಿಕ, ಜನವರಿಯಲ್ಲಿ, ಕೊಪ್ಪಳದ ಗವಿಮಠದ ಜಾತ್ರೆಗೆ ಹೋಗಿದ್ದೆ. ಮಹಾದಾಸೋಹಕ್ಕೆ ಊರೂರಿನಿಂದ ಜೋಳದ ರೊಟ್ಟಿ ಬರುತ್ತವೆ. ಯಾರ ಮನೆಯದು ಎಷ್ಟು ಎಂದು ಗೀಟು ಹಾಕುವವರಿಲ್ಲ. ರೊಟ್ಟಿಯ ನಿಟ್ಟಿನ ಹತ್ತಿರ ಕಾಕಾ ಇದ್ದರು. ಬಂದ ಬುಟ್ಟಿಗಳಿಂದ ರೊಟ್ಟಿ ತೆಗೆದು, ಮುರಿಯದಂತೆ ಒಂದರ ಮೇಲೊಂದು ಇಡುತ್ತಿದ್ದರು. ನನ್ನ ಗುರುತು ಹಿಡಿದರು.

“ಊಟ ಆತೇನ್ರಿ ಸಾಹೇಬ್ರ?”

ಇಲ್ಲ ಅಂದೆ. ಹೇಳಬೇಕಾದ್ದು ಬೇರೆ ಇತ್ತು. ಬಾಯಿ ತೆರೆಯುವಷ್ಟರಲ್ಲಿ ಹಿಂದಿನವರು ನೂಕಿದರು, ಸಾಲು ಮುಂದೆ ಸರಿಯಿತು, ನಾನೂ ಸರಿದೆ.