ಸಾಲು ಹಿಡಿದ ಪದಗಳು

ಡೋಣಿಯ ದಡದ ಸಾರವಾಡದಲ್ಲಿ ಕನ್ನಡ ಪಂಡಿತನಾದ ನನ್ನ ಪಾಲಿಗೆ ಒಮ್ಮೆ ಇಂಗ್ಲಿಷ್ ತರಗತಿಯೂ ಬಂದಿತು. ‘ಶಬ್ದಮಣಿದರ್ಪಣ’ದ ಸೂತ್ರಗಳನ್ನು ಕಂಠಪಾಠದಿಂದ ಕಲಿತ ನಾನು ಮಕ್ಕಳಿಂದಲೂ ನಿಯಮಗಳನ್ನೇ ಒಪ್ಪಿಸಿಕೊಂಡೆನು. ಕೆಲವರು ಒಪ್ಪಿಸಿದರು, ಕುರಿ ಕಾಯುವ ಮನೆಯ ಹುಡುಗನೊಬ್ಬನು ತಲೆತಗ್ಗಿಸಿ ನಿಂತನು. ದಡ್ಡನೆಂದು ಜರೆದೆನು.

‘ನಾಯಿ ಹುಡುಗನನ್ನು ಕಚ್ಚಿತು’, ‘ಹುಡುಗನನ್ನು ನಾಯಿ ಕಚ್ಚಿತು’ ಎರಡರ ಅರ್ಥವೂ ಒಂದೇ. ಕನ್ನಡದಲ್ಲಿ ವಿಭಕ್ತಿಯು ಅರ್ಥವನ್ನು ಕಾಯುತ್ತದೆ. ಇಂಗ್ಲಿಷಿನಲ್ಲಿ ಪದಗಳ ಸಾಲು ಕಾಯುತ್ತದೆ. ಮರುದಿನ ‘ಡಾಗ್’, ‘ಬಿಟ್’, ‘ಬಾಯ್’ ಎಂದು ಪಾಟಿಗಳ ಮೇಲೆ ಬರೆದು, ಮೂವರ ಕೈಗಿತ್ತು ಸಾಲಾಗಿ ನಿಲ್ಲಿಸಿದೆನು. ತುದಿಯವರಿಬ್ಬರು ಸ್ಥಳ ಬದಲಿಸಿದೊಡನೆ ಆ ಹುಡುಗನೇ ಮೊದಲು ನಕ್ಕನು: “ಗುರುಗಳೇ, ಈಗ ಹುಡುಗನೇ ನಾಯೀನ ಕಡದಾನ್ರಿ!”

ಕಿವಿಗೆ ಎಟುಕದ ನಿಯಮವು ಅವನ ಕಣ್ಣಿಗೆ ಎಟುಕಿತ್ತು. ಪರಭಾಷೆಯ ಮನೆಗೆ ಬಾಗಿಲು ಒಂದೇ ಅಲ್ಲ. ಜಾಡ್ಯವಿದ್ದುದು ಅವನ ಬುದ್ಧಿಯಲ್ಲಲ್ಲ, ನನ್ನ ಬೋಧನೆಯಲ್ಲಿ.