ಕೈಯಲ್ಲಿ ಕುಡುಗೋಲಿತ್ತು

ರಾಜಾನುಕುಂಟೆಯಿಂದ ಅದ್ದಿಗಾನಹಳ್ಳಿ ಕಡೆಗೆ ಹೋಗುವ ದಾರಿಯಲ್ಲಿ ನಮ್ಮ ಹೊಲ. ಮುಂಚೆ ರಾಗಿ, ಅವರೆ ಹಾಕುತ್ತಿದ್ದೆವು. ಈಗ ಅರ್ಧಕ್ಕೆ ಹಸುಗಳಿಗೆಂದು ಸೀಮೆಹುಲ್ಲು. ಸುತ್ತಲೂ ಲೇಔಟ್ ಮಾಡಿ ಕಲ್ಲು ನೆಟ್ಟಿದ್ದಾರೆ, ಮನೆಗಳು ಇನ್ನೂ ಎದ್ದಿಲ್ಲ. ಪಕ್ಕದಲ್ಲಿ ಹಳೆಯ ನೀಲಗಿರಿ ತೋಪು. ಹೊಸದಾಗಿ ನೀಲಗಿರಿ ನೆಡುವುದನ್ನು ಸರ್ಕಾರ 2017ರಲ್ಲಿ ನಿಲ್ಲಿಸಿತು, ಇದ್ದವು ಮಾತ್ರ ಕಡಿದ ಮೇಲೂ ಚಿಗುರುತ್ತಲೇ ಇವೆ. ದೊಡ್ಡಬಳ್ಳಾಪುರ ರಸ್ತೆಯ ಲಾರಿ ಸದ್ದು ಅಲ್ಲಿಗೆ ಕೇಳುತ್ತದೆ. ಅಲ್ಲಿ ಕೂಗಿದರೆ ರಸ್ತೆಗೆ ಕೇಳುವುದಿಲ್ಲ.

2024ರ ಡಿಸೆಂಬರ್. ಡೇರಿಗೆ ಹಾಲು ಹಾಕಿ ಹುಲ್ಲು ಕೊಯ್ಯಲು ಹೋಗಿದ್ದೆ. ಮಂಜು ಬಿಟ್ಟಿರಲಿಲ್ಲ. ಬದುವಿನ ಮೇಲೆ ಬೈಕ್ ನಿಲ್ಲಿಸಿ ಒಬ್ಬ ಹುಡುಗ ಇಳಿದ. "ಅಕ್ಕಾ, ರೈಲ್ವೆ ಸ್ಟೇಷನ್‌ಗೆ ಹೆಂಗೆ ಹೋಗ್ಬೇಕು?" ಅಂದ. ನಾನು ಎಡಗೈ ಎತ್ತಿ ದಾರಿ ತೋರಿಸಿದೆ. ಮತ್ತೆ ಅವನ ಕಡೆ ತಿರುಗುವಷ್ಟರಲ್ಲಿ ಚಾಕು ನನ್ನ ಕತ್ತಿನ ಹತ್ತಿರವಿತ್ತು. "ಸರ ಬಿಚ್ಚು."

ಬಿಚ್ಚುತ್ತೇನೆ ಅಂದೆ. ನಿಜವಾಗಿಯೂ ಬಿಚ್ಚಲು ಹೊರಟಿದ್ದೆ. ಮಾಂಗಲ್ಯದ ಸರ ಸೆರಗಿನ ಪಿನ್ನಿಗೆ ಸಿಕ್ಕಿಕೊಂಡಿತು, ತಡವಾಯಿತು. ಅಷ್ಟಕ್ಕೇ ಅವನು ಬೀಸಿದ. ಎಡಗೈ ತಾನಾಗಿ ಅಡ್ಡ ಹೋಯಿತು. ನೋವು ಗೊತ್ತಾಗಲಿಲ್ಲ, ಬಿಸಿಯಾಗಿ ಏನೋ ಮೊಣಕೈವರೆಗೆ ಇಳಿಯಿತು. ಎರಡನೇ ಸಲ ಅವನ ಕೈ ಮೇಲೆದ್ದಾಗ ಬಲಗೈಯಲ್ಲಿ ಕುಡುಗೋಲು ಇದೆ ಅನ್ನುವುದು ನೆನಪಾಯಿತು.

ಕುಡುಗೋಲು ಹಿಡಿದವರಿಗೆ ಗೊತ್ತು, ಅದರ ಬಾಯಿ ಇರುವುದು ಒಳಬದಿಗೆ. ನಮ್ಮ ಕಡೆಗೆ ಎಳೆದರೆ ಮಾತ್ರ ಕೊಯ್ಯುತ್ತದೆ, ದೂಡಿದರೆ ಏನೂ ಆಗದು. ಅದರಿಂದ ಒಬ್ಬನನ್ನು ಕೊಯ್ಯಬೇಕಾದರೆ ಅವನನ್ನು ಇನ್ನೂ ಹತ್ತಿರಕ್ಕೆ ಎಳೆದುಕೊಳ್ಳಬೇಕು. ನನಗೆ ಬೇಕಿದ್ದುದು ಅವನು ದೂರ ಹೋಗುವುದು. ಕುಡುಗೋಲಿನ ಹಿಂಬದಿಯಿಂದಲೇ, ಇದ್ದ ಶಕ್ತಿಯೆಲ್ಲ ಸೇರಿಸಿ, ಅವನ ಮಣಿಕಟ್ಟಿಗೆ ಹೊಡೆದೆ. ಚಾಕು ಹುಲ್ಲಿಗೆ ಬಿತ್ತು. ಅದನ್ನು ಕಾಲಡಿ ತುಳಿದು ನಿಂತು ಕಿರುಚಿದೆ. ಅವನು ಬೈಕ್ ಕಡೆ ಓಡಿದ. ನಾನು ಹಿಂದೆ ಹೋಗಲಿಲ್ಲ.

ತಲೆಗೆ ಸುತ್ತಿದ್ದ ಟವಲನ್ನು ಕೈಗೆ ಬಿಗಿದುಕೊಂಡು ರಸ್ತೆಗೆ ಬಂದೆ. ಹಾಲಿನ ಗಾಡಿಯವರು 112ಕ್ಕೆ ಫೋನ್ ಮಾಡಿ ಯಲಹಂಕದ ಆಸ್ಪತ್ರೆಗೆ ಕರೆದುಕೊಂಡು ಹೋದರು. ಕಿರುಬೆರಳಿನ ಕಡೆಯ ನರ ತುಂಡಾಗಿತ್ತು, ಆಪರೇಷನ್ ಆಯಿತು. ಗಾಯ ಮುಂಗೈಯ ಹೊರಬದಿಯಲ್ಲಿದೆ ಎಂದು ಡಾಕ್ಟರು ಸರ್ಟಿಫಿಕೇಟಿನಲ್ಲಿ ಬರೆದರು. ಅಡ್ಡ ಹಿಡಿದ ಕೈಗೇ ಅಲ್ಲಿ ಏಟು ಬೀಳುವುದಂತೆ. ಆ ಒಂದು ಸಾಲಿನ ಬೆಲೆ ಆಮೇಲೆ ತಿಳಿಯಿತು.

ಪೊಲೀಸರು ಹೇಳಿಕೆ ಬರೆದುಕೊಳ್ಳುವಾಗ ಒಂದೇ ಪ್ರಶ್ನೆಯನ್ನು ತಿರುಗಿಸಿ ತಿರುಗಿಸಿ ಕೇಳಿದರು: "ಅವನು ಓಡೋಕೆ ಮುಂಚೆ ಹೊಡೆದ್ರಾಮ್ಮ, ಓಡುವಾಗ ಹೊಡೆದ್ರಾ?" ಕೈಗೆ ಹೊಲಿಗೆ ಹಾಕಿಸಿಕೊಂಡು ಕೂತವಳನ್ನು ಇದನ್ನು ಕೇಳುತ್ತಾರಲ್ಲ ಎಂದು ಹೊಟ್ಟೆ ಉರಿಯಿತು. ವಕೀಲರಾಗಿರುವ ನಮ್ಮ ಚಿಕ್ಕಪ್ಪ ಬಿಡಿಸಿ ಹೇಳಿದರು. ಆತ್ಮರಕ್ಷಣೆಯ ಹಕ್ಕು, ಹಿಂದೆ ಐಪಿಸಿಯ 96ರಿಂದ 106ರವರೆಗೆ ಇದ್ದದ್ದು, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ನೇ ಕಲಮುಗಳಲ್ಲಿದೆ. ಪ್ರಾಣಕ್ಕೋ ಭಾರಿ ಗಾಯಕ್ಕೋ ಭಯವಿದ್ದರೆ ಎದುರಾಳಿ ಸಾಯುವಷ್ಟು ಹೊಡೆದರೂ ಅಪರಾಧವಲ್ಲ. ಆದರೆ ಮೈಮೇಲಿನ ಅಪಾಯದ ಭಯ ಇರುವವರೆಗೆ ಮಾತ್ರ ಆ ಹಕ್ಕು, ಅದೂ ರಕ್ಷಣೆಗೆ ಬೇಕಾದಷ್ಟೇ. ಹೊಲದ ಕುಡುಗೋಲು 1959ರ ಆಯುಧ ಕಾಯ್ದೆಯ ಲೆಕ್ಕದಲ್ಲಿ ಆಯುಧವೂ ಅಲ್ಲ, ಲೈಸೆನ್ಸ್ ಮಾತೇ ಇಲ್ಲ.

ಊರಲ್ಲಿ ಬೇರೆಯೇ ಮಾತು. "ಕೈಯಲ್ಲಿ ಕುಡ್ಲು ಇಟ್ಕೊಂಡು ಬಿಟ್ಬಿಟ್ಯಲ್ಲೇ, ಕತ್ತರಿಸಿ ಹಾಕ್ಬೇಕಿತ್ತು" ಎಂದು ಮನೆಗೆ ಬಂದವರೆಲ್ಲ ಅಂದರು. ಅತ್ತೆ ಒಬ್ಬರೇ ಅನ್ನಲಿಲ್ಲ. ಚಾಕು ಬಿದ್ದ ಮೇಲೆ ಅವನು ಹೆದರಿದ ಹುಡುಗ, ಅಷ್ಟೆ. ಬೆನ್ನು ಹಾಕಿದವನನ್ನು ಕೊಯ್ಯುವುದು ನನ್ನಿಂದ ಆಗದ ಕೆಲಸ, ಆಗಬಾರದ್ದೂ ಹೌದು. ಇದನ್ನು ಕಾನೂನು ಗೊತ್ತಾದ ಮೇಲೆ ಕಲಿತು ಹೇಳುತ್ತಿಲ್ಲ. ಆ ಹೊತ್ತಿನಲ್ಲೂ ಅವನು ಹೋಗಲಿ ಅಂತಲೇ ಅನಿಸಿತ್ತು.

2013ರ ನವೆಂಬರ್ 19ರಂದು ಬೆಂಗಳೂರಿನ ಕಾರ್ಪೊರೇಷನ್ ವೃತ್ತದ ಹತ್ತಿರ ಎಟಿಎಂ ಒಳಗೆ ಒಬ್ಬಾತ ಮಹಿಳೆಯೊಬ್ಬರ ಮೇಲೆ ಮಚ್ಚು ಬೀಸಿದ್ದನ್ನು ನಾವೆಲ್ಲ ಟಿವಿಯಲ್ಲಿ ನೋಡಿದ್ದೇವೆ. ಶಟರ್ ಎಳೆದುಬಿಟ್ಟಿದ್ದ, ಅವರ ಕೈಯಲ್ಲಿ ಏನೂ ಇರಲಿಲ್ಲ. ಅವನು ಸಿಕ್ಕಿದ್ದು 2017ರಲ್ಲಿ, ಶಿಕ್ಷೆಯಾದದ್ದು 2021ರಲ್ಲಿ. ಆಸ್ಪತ್ರೆಯ ಮಂಚದ ಮೇಲೆ ನನಗೆ ಆಕೆಯೇ ನೆನಪಾಗುತ್ತಿದ್ದರು. ನನಗೆ ಬಯಲಿತ್ತು, ಓಡಿಹೋಗಲು ಅವನಿಗೂ ದಾರಿಯಿತ್ತು. ನಾನು ಉಳಿದದ್ದರಲ್ಲಿ ಕುಡುಗೋಲಿನ ಪಾಲು ಎಷ್ಟೋ ಆ ಬಯಲಿನ ಪಾಲೂ ಅಷ್ಟೇ.

ಹುಡುಗ ಸಿಕ್ಕಿದ. ಜೈಲಿನಲ್ಲಿ ಸಾಲಾಗಿ ನಿಲ್ಲಿಸಿದವರ ನಡುವೆ ಅವನನ್ನು ಗುರುತಿಸಿದೆ. ಕುಡುಗೋಲು, ಚಾಕು ಎರಡೂ ಮುದ್ದೆಮಾಲು. ಕೇಸು ಮುಗಿಯುವವರೆಗೆ ಕೈಗೆ ಬರುವುದಿಲ್ಲ. ಕಿರುಬೆರಳಿಗೆ ಇವತ್ತಿಗೂ ಸ್ಪರ್ಶವಿಲ್ಲ, ಎಡಗೈಯಲ್ಲಿ ಹಾಲು ಕರೆಯಲು ಆಗದು, ಅದನ್ನು ಮನೆಯವರು ವಹಿಸಿಕೊಂಡಿದ್ದಾರೆ. ಹುಲ್ಲಿಗೆ ಈಗ ಅಕ್ಕಪಕ್ಕದ ಹೊಲದ ಹೆಂಗಸರು ಸೇರಿ, ಬಿಸಿಲು ಬಿದ್ದ ಮೇಲೆ ಹೋಗುತ್ತೇವೆ. ಲೇಔಟಿನ ರಸ್ತೆಗೆ ದೀಪ ಹಾಕಿಸಿ ಎಂದು ಪಂಚಾಯಿತಿಗೆ ಅರ್ಜಿ ಕೊಟ್ಟಿದ್ದೇವೆ. ಸಾಕ್ಷಿ ಹೇಳಲು ಸಮನ್ಸ್ ಬಂದ ದಿನ ಹೋಗಿ, ನಡೆದದ್ದನ್ನು ನಡೆದ ಹಾಗೆಯೇ ಹೇಳುತ್ತೇನೆ: ಅವನು ಎರಡನೇ ಸಲ ಕೈ ಎತ್ತಿದಾಗ ಹೊಡೆದೆ, ಓಡುವಾಗ ಹೊಡೆಯಲಿಲ್ಲ.